ಎರಡು ಸಲ 162

ಬಿಲ್ ರಸೆಲ್ ಅನ್ನೋ ಬ್ಯಾಸ್ಕೆಟ್‌ಬಾಲ್ ಕೋಚ್‌ನ ಲೆಕ್ಕದಲ್ಲಿ ಒಂದು ವಿಚಿತ್ರ ಇದೆ. ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ ಮೂರು ಸೀಸನ್ ಕೋಚ್ ಆಗಿದ್ದಾಗ ಅವರು ಗೆದ್ದ ಲೀಗ್ ಪಂದ್ಯಗಳು 162, ಸೋತಿದ್ದು 83. ಆಮೇಲೆ ಸಿಯಾಟಲ್ ಸೂಪರ್‌ಸಾನಿಕ್ಸ್‌ಗೆ ನಾಲ್ಕು ಸೀಸನ್ ಕೋಚ್ ಆದರು. ಅಲ್ಲೂ ಗೆದ್ದಿದ್ದು 162. ಸೋತಿದ್ದು ಮಾತ್ರ 166, ಬಾಸ್ಟನ್ನಿನ ಸರಿಯಾಗಿ ಎರಡರಷ್ಟು. ಅದೇ ಮನುಷ್ಯ, ಅದೇ ಆಟ. ಈ ಎರಡು ಸಾಲಿನ ನಡುವೆ ಏನಾಯ್ತು ಅಂತ ನನಗೆ ಕುತೂಹಲ.

ಮೊದಲು ಆಟಗಾರ ರಸೆಲ್ ಬಗ್ಗೆ ಎರಡು ಮಾತು. 1934ರಲ್ಲಿ ಲೂಸಿಯಾನಾದ ಮನ್ರೋದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಬೆಳೆದವರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, ಅದೇ ಡಿಸೆಂಬರ್‌ನಲ್ಲಿ ಸೆಲ್ಟಿಕ್ಸ್ ಸೇರಿದರು. 13 ಸೀಸನ್ ಆಡಿ 11 ಸಲ ಚಾಂಪಿಯನ್ ಆದರು. ಆದರೆ ಅವರ ಸರಾಸರಿ ಸ್ಕೋರ್ ಪಂದ್ಯಕ್ಕೆ ಸುಮಾರು 15 ಪಾಯಿಂಟ್ ಅಷ್ಟೇ. ಅವರ ನಿಜವಾದ ಕೆಲಸ ಎದುರಾಳಿಯ ಹೊಡೆತ ತಡೆಯೋದು. ಬೇರೆಯವರು ಚೆಂಡನ್ನು ಗ್ಯಾಲರಿಗೆ ಬಾರಿಸಿ ಚಪ್ಪಾಳೆ ಗಿಟ್ಟಿಸಿದರೆ, ರಸೆಲ್ ಮೆಲ್ಲಗೆ ತಟ್ಟಿ ತಮ್ಮವರ ಕೈಗೆ ಹಾಕ್ತಿದ್ದರು. ಹೊರಗೆ ಹೋದ ಚೆಂಡು ಮತ್ತೆ ಎದುರಾಳಿಗೇ ಸಿಗುತ್ತೆ, ತಮ್ಮವರಿಗೆ ಸಿಕ್ಕಿದ ಚೆಂಡು ಎರಡು ಪಾಯಿಂಟ್ ಆಗಬಹುದು. ತಮಾಷೆ ಏನಂದ್ರೆ, ಎನ್‌ಬಿಎ ಬ್ಲಾಕ್‌ಗಳ ಲೆಕ್ಕ ಇಡೋಕೆ ಶುರು ಮಾಡಿದ್ದೇ 1973-74ರಲ್ಲಿ. ಅಷ್ಟೊತ್ತಿಗೆ ರಸೆಲ್ ಆಟ ಬಿಟ್ಟು ನಾಲ್ಕು ವರ್ಷ ಆಗಿತ್ತು. ಜೀವಮಾನದ ಅತ್ಯುತ್ತಮ ಕೆಲಸಕ್ಕೆ ಶೀಟಲ್ಲಿ ಕಾಲಮ್ಮೇ ಇರಲಿಲ್ಲ! ಅಪ್ರೈಸಲ್ ಫಾರ್ಮ್ ತುಂಬಿದವರಿಗೆ ಈ ಸಂಕಟ ವಿವರಿಸಬೇಕಿಲ್ಲ.

1966ರಲ್ಲಿ ಸೆಲ್ಟಿಕ್ಸ್ ಕೋಚ್ ರೆಡ್ ಆವರ್‌ಬ್ಯಾಕ್ ಬೆಂಚು ಬಿಟ್ಟು ಆಡಳಿತ ನೋಡಿಕೊಳ್ಳೋಕೆ ತೀರ್ಮಾನಿಸಿದರು. ಆ ಜಾಗಕ್ಕೆ ತಂಡದಲ್ಲಿ ಆಡಿದ್ದ ಫ್ರಾಂಕ್ ರ್ಯಾಮ್ಸಿ, ಬಾಬ್ ಕೂಸಿ, ಟಾಮ್ ಹೈನ್ಸನ್ ಅವರನ್ನು ಕೇಳಿದರು. ಮೂವರೂ ಒಲ್ಲೆ ಅಂದರು. ರಸೆಲ್‌ರನ್ನು ಸಂಭಾಳಿಸೋಕೆ ರಸೆಲ್ ಒಬ್ಬರಿಂದಲೇ ಸಾಧ್ಯ ಅನ್ನೋದು ಹೈನ್ಸನ್ ವಾದ. ಕೊನೆಗೆ ಅದೇ ಆಯ್ತು. ಏಪ್ರಿಲ್ 18ರಂದು ರಸೆಲ್ ಹೆಸರು ಘೋಷಣೆಯಾಯಿತು. ಆಟವನ್ನೂ ಬಿಡೋ ಹಾಗಿಲ್ಲ, ಕೋರ್ಟಿನಲ್ಲಿ ಆಡುತ್ತಲೇ ಕೋಚ್ ಕೆಲಸ ಮಾಡಬೇಕು. ಸಹಾಯಕ ಕೋಚ್ ಅಂತಾನೂ ಯಾರೂ ಇಲ್ಲ.

ಇದು ಬರೀ ಪ್ರಮೋಷನ್ ಕಥೆ ಅಲ್ಲ. ರಸೆಲ್ ಎನ್‌ಬಿಎ ಇತಿಹಾಸದ ಮೊದಲ ಕಪ್ಪುವರ್ಣೀಯ ಮುಖ್ಯ ಕೋಚ್. ಬೇಸ್‌ಬಾಲ್‌ನ ಮೇಜರ್ ಲೀಗ್ ಅಂಥದ್ದೊಂದು ನೇಮಕ ನೋಡೋಕೆ 1974ರ ತನಕ, ಫ್ರಾಂಕ್ ರಾಬಿನ್ಸನ್ ಬರೋವರೆಗೆ ಕಾಯಬೇಕಾಯ್ತು. ಘೋಷಣೆಯ ದಿನ ಪತ್ರಕರ್ತರು ರಸೆಲ್‌ಗೆ ಕೇಳಿದ ಒಂದು ಪ್ರಶ್ನೆ ಏನು ಗೊತ್ತಾ? ಬಿಳಿಯ ಆಟಗಾರರ ವಿಷಯದಲ್ಲಿ ಪಕ್ಷಪಾತ ಇಲ್ಲದೆ ಕೆಲಸ ಮಾಡ್ತೀರಾ ಅಂತ! ಯಾರನ್ನು ಕೇಳ್ತಿದ್ದಾರೆ ನೋಡಿ. ಐದು ವರ್ಷದ ಹಿಂದೆ, 1961ರಲ್ಲಿ, ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಹೋಟೆಲಿನವರು ಕಪ್ಪು ಆಟಗಾರರಿಗೆ ತಿಂಡಿ ಕೊಡಲ್ಲ ಅಂದಾಗ ಪ್ರದರ್ಶನ ಪಂದ್ಯವನ್ನೇ ಬಿಟ್ಟು ಹೊರಟವರಲ್ಲಿ ರಸೆಲ್ ಒಬ್ಬರು. ಅವರು ಯಾರ ಪರ ಕಪ್ ಗೆಲ್ಲುತ್ತಿದ್ದರೋ ಅದೇ ಬಾಸ್ಟನ್ ಪಕ್ಕದ ರೆಡಿಂಗ್ ಊರಲ್ಲಿ ಅವರ ಮನೆಗೆ ನುಗ್ಗಿ, ಗೋಡೆ ಮೇಲೆ ಜನಾಂಗದ ಬೈಗುಳ ಬರೆದು ಹೋದವರೂ ಇದ್ದರು. ಇಂಥಾ ಮನುಷ್ಯ ಕೋಚ್ ಆಗಿ ಸೋತಿದ್ದರೆ ಅದು ಒಬ್ಬನ ಸೋಲು ಅಂತ ಯಾರೂ ಬರೀತಿರಲಿಲ್ಲ.

ಮೊದಲ ವರ್ಷ ಸೋತೇ ಹೋದರು. ಲೀಗಿನಲ್ಲಿ 60 ಪಂದ್ಯ ಗೆದ್ದರೂ, ಪ್ಲೇಆಫ್‌ನಲ್ಲಿ ವಿಲ್ಟ್ ಚೇಂಬರ್ಲಿನ್ ಇದ್ದ ಫಿಲಡೆಲ್ಫಿಯಾ 4-1ರಲ್ಲಿ ಮಣಿಸಿತು. ಸತತ ಎಂಟು ಕಪ್‌ಗಳ ಸಾಲು ಅಲ್ಲಿಗೆ ತುಂಡಾಯ್ತು. ಮುಂದಿನ ಸೀಸನ್‌ನಲ್ಲಿ ರಸೆಲ್ ಮಾಡಿದ ಕೆಲಸ ನೋಡೋಕೆ ಸಣ್ಣದು, ಮಾಡೋಕೆ ಕಷ್ಟದ್ದು: ಹಿರಿಯ ಆಟಗಾರರ ಸಲಹೆ ಕೇಳೋಕೆ ಶುರು ಮಾಡಿದರು. ನಾನು ಆಡ್ತಾ ಇರುವಾಗ ನನಗೆ ಕಾಣದ್ದು ನಿಮಗೆ ಕಾಣುತ್ತೆ, ಹೇಳಿ ಅನ್ನೋ ಧೋರಣೆ. 1968ರಲ್ಲಿ ಮತ್ತೆ ಅದೇ ಫಿಲಡೆಲ್ಫಿಯಾ. ಸರಣಿ ಶುರುವಾಗಿದ್ದು ಏಪ್ರಿಲ್ 5ರಂದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮಾರನೇ ದಿನ. ಆ ಮನಸ್ಥಿತಿಯಲ್ಲಿ ಆಡೋದೇ ಹೇಗೆ ಅಂತ ಎರಡೂ ತಂಡದಲ್ಲಿ ಗೊಂದಲ. ಸೆಲ್ಟಿಕ್ಸ್ 3-1ರ ಹಿನ್ನಡೆಯಿಂದ ಎದ್ದು ಬಂದು 4-3ರಲ್ಲಿ ಸರಣಿ ಗೆದ್ದಿತು. ಎನ್‌ಬಿಎಯಲ್ಲಿ ಅಲ್ಲಿವರೆಗೆ ಯಾರೂ ಹಾಗೆ ಗೆದ್ದಿರಲಿಲ್ಲ. ಆಮೇಲೆ ಲೇಕರ್ಸ್ ವಿರುದ್ಧ ಕಪ್ಪೂ ಬಂತು.

1969ರ ಕಥೆ ಇನ್ನೂ ಚೆನ್ನಾಗಿದೆ. ರಸೆಲ್‌ಗೆ 35 ವರ್ಷ. ತಂಡ ತನ್ನ ವಿಭಾಗದಲ್ಲಿ ನಾಲ್ಕನೇ ಸ್ಥಾನದಲ್ಲಿ ತೆವಳಿಕೊಂಡು ಪ್ಲೇಆಫ್ ಸೇರಿತ್ತು. ಫೈನಲ್ಸ್‌ನ ಏಳನೇ ಪಂದ್ಯ ಮೇ 5ಕ್ಕೆ, ಲಾಸ್ ಏಂಜಲೀಸ್‌ನಲ್ಲಿ. ಚೇಂಬರ್ಲಿನ್ ಈಗ ಲೇಕರ್ಸ್ ಪಾಲು. ಗೆಲುವು ಎಷ್ಟು ಗ್ಯಾರಂಟಿ ಅಂದ್ರೆ, ಲೇಕರ್ಸ್ ಮಾಲೀಕರು ಸಂಭ್ರಮಕ್ಕೆ ಅಂತ ಮೇಲ್ಛಾವಣಿಗೆ ಬಲೂನು ಕಟ್ಟಿಸಿಟ್ಟಿದ್ದರು. ಕೊನೇ ಕ್ವಾರ್ಟರ್‌ನಲ್ಲಿ ಚೇಂಬರ್ಲಿನ್ ಮೊಣಕಾಲು ಪೆಟ್ಟಾಗಿ ಹೊರಗೆ ಬಂದರು. ಸ್ವಲ್ಪ ಹೊತ್ತಾದ ಮೇಲೆ ವಾಪಸ್ ಹೋಗ್ತೀನಿ ಅಂದರೆ ಕೋಚ್ ಬುಚ್ ವಾನ್ ಬ್ರೆಡಾ ಕೋಲ್ಫ್ ಕಳಿಸಲಿಲ್ಲ. ಇಬ್ಬರಿಗೂ ಮೊದಲಿಂದ ಆಗಿಬರ್ತಿರಲಿಲ್ಲ. ಸೆಲ್ಟಿಕ್ಸ್ 108-106ರಲ್ಲಿ ಗೆದ್ದಿತು. ಒಂದು ಬೆಂಚಿನಲ್ಲಿ ಕೋಚ್‌ಗೂ ದೊಡ್ಡ ಆಟಗಾರನಿಗೂ ಮುನಿಸು, ಇನ್ನೊಂದರಲ್ಲಿ ಅವರಿಬ್ಬರೂ ಒಬ್ಬರೇ. ಎರಡು ಪಾಯಿಂಟಿನ ಅಂತರ ಎಲ್ಲಿಂದ ಬಂತು ಅಂತ ಕೇಳಿದರೆ ನಾನು ಅಲ್ಲಿಗೇ ಬೆರಳು ತೋರಿಸ್ತೀನಿ.

ಆ ಪಂದ್ಯದ ನಂತರ ರಸೆಲ್ ಆಟವನ್ನೂ ಬಿಟ್ಟರು, ಬಾಸ್ಟನ್ನನ್ನೂ ಬಿಟ್ಟರು. ಸಿಯಾಟಲ್‌ಗೆ ಹೋಗಿದ್ದು 1973ರಲ್ಲಿ. ಈ ಸಲ ಜೆರ್ಸಿ ಇಲ್ಲ, ಸೂಟು ಬೂಟು. ಬಾಸ್ಟನ್‌ನಲ್ಲಿ ಸ್ಯಾಮ್ ಜೋನ್ಸ್ ಜೊತೆ 12 ಸೀಸನ್, ಜಾನ್ ಹ್ಯಾವ್ಲಿಚೆಕ್ ಜೊತೆ 7 ಸೀಸನ್ ಆಡಿದ್ದರು. ಅಲ್ಲಿ ಅರ್ಧ ಮಾತು ಕಣ್ಣಲ್ಲೇ ಮುಗೀತಿತ್ತು. ಯಾರಾದರೂ ತಪ್ಪು ಮಾಡಿದರೆ ಹಿಂದೆ ನಿಂತು ತಡೆಯೋಕೆ ಸ್ವತಃ ರಸೆಲ್ ಇದ್ದರು. ಸಿಯಾಟಲ್‌ನಲ್ಲಿ ಮೈಗೆ ಗೊತ್ತಿದ್ದನ್ನೆಲ್ಲ ಬಾಯಲ್ಲಿ ಹೇಳಬೇಕಿತ್ತು. ಗೊತ್ತಿರೋದು ಬೇರೆ, ಗೊತ್ತು ಮಾಡಿಸೋದು ಬೇರೆ.

ಹಾಗಂತ ಸಿಯಾಟಲ್ಲನ್ನು ಸೋಲು ಅಂತ ಬರೆದುಬಿಡೋದೂ ಅನ್ಯಾಯ. ಅವರು ಬರೋ ಮುಂಚಿನ ಸೀಸನ್‌ನಲ್ಲಿ ಆ ತಂಡ ಗೆದ್ದಿದ್ದು 26 ಪಂದ್ಯ. ಎರಡನೇ ವರ್ಷಕ್ಕೆ ಅದು 43 ಆಯ್ತು, ತಂಡ ತನ್ನ ಇತಿಹಾಸದಲ್ಲೇ ಮೊದಲ ಸಲ ಪ್ಲೇಆಫ್ ನೋಡಿತು. 1977ರಲ್ಲಿ ರಸೆಲ್ ಹೊರಟರು. ಎರಡು ವರ್ಷದಲ್ಲಿ ಲೆನ್ನಿ ವಿಲ್ಕೆನ್ಸ್ ಅದೇ ಸಿಯಾಟಲ್‌ಗೆ ಕಪ್ ತಂದುಕೊಟ್ಟರು. ಆಮೇಲೆ 1987-88ರಲ್ಲಿ ಸ್ಯಾಕ್ರಮೆಂಟೋದಲ್ಲಿ ರಸೆಲ್ ಮತ್ತೊಮ್ಮೆ ಕೋಚ್ ಆಗಿ ನೋಡಿದರು: 17 ಗೆಲುವು, 41 ಸೋಲು, ಸೀಸನ್ ಮುಗಿಯೋ ಮೊದಲೇ ಕೆಲಸ ಮುಗಿಯಿತು.

2021ರಲ್ಲಿ, 87ನೇ ವಯಸ್ಸಿನಲ್ಲಿ, ಅವರು ಕೋಚ್ ಆಗಿಯೂ ಹಾಲ್ ಆಫ್ ಫೇಮ್ ಸೇರಿದರು. ಮುಂದಿನ ವರ್ಷ ಜುಲೈ 31ಕ್ಕೆ ತೀರಿಕೊಂಡಾಗ, ಅವರ 6ನೇ ನಂಬರನ್ನು ಲೀಗಿನ ಎಲ್ಲ ತಂಡಗಳೂ ನಿವೃತ್ತಿಗೊಳಿಸಿದವು.

ಚೆನ್ನಾಗಿ ಕೋಡ್ ಬರೆಯೋರನ್ನು ಮ್ಯಾನೇಜರ್ ಮಾಡೋದು, ಚೆನ್ನಾಗಿ ಪಾಠ ಮಾಡೋರನ್ನು ಪ್ರಿನ್ಸಿಪಾಲ್ ಮಾಡೋದು ನಮ್ಮ ಸುತ್ತಲೂ ನಡೀತಾನೇ ಇರುತ್ತೆ. ಅದನ್ನು ಏಣಿಯ ಮುಂದಿನ ಮೆಟ್ಟಿಲು ಅಂದುಕೊಳ್ತೀವಿ. ರಸೆಲ್ ಕಥೆ ಓದಿದರೆ ಅದು ಪಕ್ಕದ ಇನ್ನೊಂದು ಏಣಿ ಅನ್ಸುತ್ತೆ. ಅಂಥಾ ಆಫರ್ ಬಂದಾಗ ಸಂಬಳ ಎಷ್ಟು ಅಂತ ಕೇಳೋದು ಸರಿಯೇ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ನಾನಿನ್ನೂ ಕೋರ್ಟಿನ ಒಳಗೆ ಇರ್ತೀನಾ, ಹೊರಗಾ?