ಮನೆಗೊಂದು ಕೋವಿ ಬೇಕಾ?

ಅಪ್ಪನ ಕಾರ್ಯ ಎಲ್ಲ ಮುಗಿದ ಮರುದಿನ ಚಿಕ್ಕಪ್ಪ ನನ್ನನ್ನು ಜಗಲಿಯ ಮೂಲೆಗೆ ಕರೆದು, "ಕೋವಿ ಏನ್ ಮಾಡ್ತೀಯ ಮಾರಾಯ?" ಅಂತ ಕೇಳಿದರು. ಪಾಸ್‌ಬುಕ್, ಪಹಣಿ, ಎಲ್‌ಐಸಿ, ಗ್ಯಾಸ್ ಕನೆಕ್ಷನ್ ಎಲ್ಲದರ ಪಟ್ಟಿ ಮಾಡಿಕೊಂಡಿದ್ದೆ. ಕೋವಿ ಮಾತ್ರ ತಲೆಗೇ ಬಂದಿರಲಿಲ್ಲ.

ತೀರ್ಥಹಳ್ಳಿ ಕಡೆಯ ನಮ್ಮದು ಒಂಟಿ ಮನೆ. ಪಕ್ಕದ ಮನೆ ಅಂದರೆ ಅಡಿಕೆ ತೋಟ ದಾಟಿ, ಹಳ್ಳ ದಾಟಿ ಹೋಗಬೇಕು. ನಡುಮನೆಯ ಗೋಡೆಗೆ ಅಜ್ಜನ ಕಾಲದಿಂದ ಒಂದು ಒಂಟಿ ನಳಿಗೆಯ ಕೇಪಿನ ಕೋವಿ ನೇತಾಡುತ್ತಿತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಸಲಾಕೆಯಿಂದ ಜಡಿದು, ಕೇಪು ಇಟ್ಟು, ಕುದುರೆ ಎಳೆಯಬೇಕು. ಇಷ್ಟೆಲ್ಲ ಆಗುವ ಹೊತ್ತಿಗೆ ಮಂಗ ಬಾಳೆಗೊನೆ ಮುಗಿಸಿ ಪಕ್ಕದ ತೋಟಕ್ಕೆ ಹೋಗಿರುತ್ತಿತ್ತು. ಅಪ್ಪ ಅದನ್ನು ಬಳಸಿದ್ದೆಲ್ಲ ಸದ್ದು ಮಾಡೋದಕ್ಕೆ.

ಈಗ ಸಮಸ್ಯೆ ಏನೆಂದರೆ, ಲೈಸೆನ್ಸು ಕೊಡುವುದು ಮನುಷ್ಯನಿಗೆ, ಮನೆಗಲ್ಲ. ಅಪ್ಪ ಹೋದ ಮೇಲೆ ಆ ಕೋವಿ ನಮ್ಮ ಗೋಡೆಯ ಮೇಲಿರುವುದೇ ಅಪರಾಧ. ತಡಮಾಡದೆ ಸ್ಟೇಷನ್ನಿನಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಇಡಬೇಕು. ಸ್ಟೇಷನ್ನಿಗೆ ಕೊಟ್ಟು ರಸೀದಿ ತಂದೆ. ಚಿಕ್ಕಪ್ಪ ಬಿಡಲಿಲ್ಲ. "ಅತ್ತಿಗೆ ಒಬ್ಬರೇ ಇರ್ತಾರೆ. ಆ ಹಳೇದು ಬಿಡು, ನಿನ್ ಹೆಸರಲ್ಲಿ ಒಂದು ಜೋಡಿ ನಳಿಗೆ ತೋಟಾ ಕೋವಿ ತಗೋ" ಅಂದರು.

ಬೆಂಗಳೂರಿಗೆ ಬಂದು ಆಫೀಸಿನಲ್ಲಿ ಊಟದ ಹೊತ್ತಿಗೆ ಈ ವಿಷಯ ತೆಗೆದದ್ದೇ ತಪ್ಪಾಯ್ತು. ಒಬ್ಬ ರಿವಾಲ್ವರ್ ಅಂದ, ಇನ್ನೊಬ್ಬ ಪಂಪ್ ಆಕ್ಷನ್ ಅಂದ, ಇಬ್ಬರೂ ಸೇರಿ ಅಮೆರಿಕದ ಹತ್ತು ವಿಡಿಯೋ ಕಳಿಸಿದರು. ನಾನು ಬೈಕ್ ಕೊಳ್ಳುವಾಗ ಮಾಡಿದ ಹಾಗೆ ಎಕ್ಸೆಲ್ ಶೀಟ್ ತೆರೆದು ಕೂತೆ. ಒಂದು ವಾರ ಓದಿದ ಮೇಲೆ ಗೊತ್ತಾಯ್ತು, ಆ ಶೀಟಿನ ಬಹುಪಾಲು ಕಾಲಮ್ಮುಗಳನ್ನು ನಾನು ತುಂಬಬೇಕಾಗಿಯೇ ಇರಲಿಲ್ಲ. ಅವನ್ನು ನೂರೈವತ್ತು ವರ್ಷದ ಹಿಂದೆಯೇ ಯಾರೋ ತುಂಬಿ ಹೋಗಿದ್ದರು.

ಶುರುವಾಗುವುದು 1857ರಿಂದ. ಸಿಪಾಯಿಗಳು ತಿರುಗಿಬಿದ್ದ ಆ ವರ್ಷವೇ ಕಂಪನಿ ಸರ್ಕಾರ ಜನರಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದಿತು. ಆಗಿನ ಮುಧೋಳ ಸಂಸ್ಥಾನದಲ್ಲಿ ಹಲಗಲಿ ಅಂತ ಒಂದು ಊರು. ಅಲ್ಲಿನ ಬೇಡರಿಗೆ ಬೇಟೆಯೂ ಸಿಪಾಯಿಗಿರಿಯೂ ಬದುಕು. ಆಯುಧ ಒಪ್ಪಿಸಿ ಅಂದರೆ ಅನ್ನ ಒಪ್ಪಿಸಿ ಅಂದ ಹಾಗೆ. ಕೊಡಲ್ಲ ಅಂದರು. ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು, 13 ಜನರನ್ನು ಮುಧೋಳದಲ್ಲಿ, 6 ಜನರನ್ನು ಹಲಗಲಿಯಲ್ಲೇ. ಜಡಗ, ಬಾಲ, ಹಣಮ, ರಾಮ ಅನ್ನುವ ಹೆಸರುಗಳನ್ನು ಶಾಲೆಯ ಕನ್ನಡ ಪುಸ್ತಕದ ಲಾವಣಿಯಲ್ಲಿ ನಿಮ್ಮಲ್ಲಿ ಕೆಲವರಾದರೂ ಓದಿರುತ್ತೀರಿ. ಪರೀಕ್ಷೆಗೆ ಅಂತ ಓದಿ ಮರೆಯುವ ಆ ಕತೆ ನಿಜಕ್ಕೂ ಒಂದು ಲೈಸೆನ್ಸಿನ ಕತೆ.

1860ರಲ್ಲಿ ಬ್ರಿಟಿಷ್ ಸರ್ಕಾರ ದಂಡ ಸಂಹಿತೆ ಮಾಡಿತು. ಅದರಲ್ಲಿ ಆತ್ಮರಕ್ಷಣೆಯ ಹಕ್ಕು ಧಾರಾಳವಾಗಿಯೇ ಇತ್ತು. ರಾತ್ರಿ ಮನೆ ಒಡೆದು ಒಳಗೆ ಬಂದವನ ವಿರುದ್ಧ ಪ್ರಾಣ ತೆಗೆಯುವವರೆಗೂ ಆ ಹಕ್ಕು ಹೋಗಬಹುದಿತ್ತು. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೇ ತತ್ವ ಉಳಿದಿದೆ. ಹಾಗೆ ಹಕ್ಕು ಕೊಟ್ಟ ಸರ್ಕಾರವೇ 1878ರಲ್ಲಿ, ಲಾರ್ಡ್ ಲಿಟ್ಟನ್ ವೈಸ್‌ರಾಯ್ ಆಗಿದ್ದಾಗ, ಆಯುಧ ಕಾಯ್ದೆ ತಂದು ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳಬಾರದು ಅಂದಿತು. ಬಿಳಿಯರಿಗೆ ವಿನಾಯಿತಿ, ನಮಗೆ ಕಾಯ್ದೆ. ಆತ್ಮರಕ್ಷಣೆ ಮಾಡಿಕೋ, ಆದರೆ ಬರಿಗೈಲಿ ಮಾಡಿಕೋ ಅಂದ ಹಾಗಾಯ್ತು.

ಕೊಡಗಿನ ಕತೆ ಬೇರೆ. ಅಲ್ಲಿಯ ಗೆಳೆಯನ ಮನೆಗೆ ಕೈಲ್‌ಪೋದ್ ಹಬ್ಬಕ್ಕೆ ಹೋಗಿದ್ದಾಗ ಕೋವಿಗೆ ಹೂವಿಟ್ಟು ಪೂಜೆ ಮಾಡುವುದನ್ನು ನೋಡಿ, "ಲೈಸೆನ್ಸ್ ರಿನ್ಯೂವಲ್ ಯಾವಾಗ?" ಅಂತ ಕೇಳಿ ನಗೆಪಾಟಲಾಗಿದ್ದೆ. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ. ಕಮಿಷನರ್ ಮಾರ್ಕ್ ಕಬ್ಬನ್, ಹೌದು, ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್, 1861ರಲ್ಲಿ ಕೊಡವರಿಗೆ ಆಯುಧ ಕಿತ್ತುಕೊಳ್ಳುವ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ನಿಷ್ಠೆಗೆ ಸಿಕ್ಕ ಇನಾಮು ಅದು. ಸ್ವಾತಂತ್ರ್ಯದ ನಂತರವೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹತ್ತು ವರ್ಷ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ನಾಲ್ಕೇ ವರ್ಷಗಳ ಅಂತರದಲ್ಲಿ ಹಲಗಲಿಯವರಿಗೆ ನೇಣು, ಕೊಡಗಿನವರಿಗೆ ಗೌರವ. ಎರಡೂ ಕಡೆ ಕೋವಿಯೇ. ಸರ್ಕಾರಕ್ಕೆ ಕೋವಿಗಿಂತ ಅದು ಯಾರ ಕೈಲಿದೆ ಅನ್ನುವುದು ಮುಖ್ಯವಾಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಬದಲಾಗಬೇಕಿತ್ತಲ್ಲ? 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಇತ್ತು. ಸಂವಿಧಾನ ಸಭೆಯಲ್ಲಿ, 1948ರ ಡಿಸೆಂಬರಿನಲ್ಲಿ, ಅದನ್ನು ನೆನಪಿಸಿ ಮೂಲಭೂತ ಹಕ್ಕುಗಳಿಗೆ ಸೇರಿಸಿ ಎಂದು ತಿದ್ದುಪಡಿ ತಂದವರು ಎಚ್.ವಿ. ಕಾಮತ್, ಮಂಗಳೂರಿನಲ್ಲಿ ಹುಟ್ಟಿದವರು. ಅಂಬೇಡ್ಕರ್ ಒಪ್ಪಲಿಲ್ಲ. ದೇಶ ಒಡೆದು ಬೀದಿಯಲ್ಲಿ ರಕ್ತ ಹರಿದು ಒಂದೂವರೆ ವರ್ಷವೂ ಆಗಿರದ ಹೊತ್ತು ಅದು. ಆ ಸಭೆಯಲ್ಲಿ ಕೂತಿದ್ದರೆ ನಾನೂ ಒಪ್ಪುತ್ತಿರಲಿಲ್ಲವೇನೋ.

1959ರಲ್ಲಿ ನಮ್ಮದೇ ಆಯುಧ ಕಾಯ್ದೆ ಬಂತು. ಬಿಳಿಯರ ವಿನಾಯಿತಿ ಇತಿಹಾಸವಾಗಿತ್ತು, ಲೈಸೆನ್ಸಿನ ತತ್ವ ಉಳಿಯಿತು. ಹಳೇ ಭಯವೂ ಉಳಿಯಿತು. ಸೈನ್ಯ, ಪೊಲೀಸರು ಬಳಸುವ .303, 9 ಎಂಎಂ ತರಹದ ಗುಂಡಿನ ಬಂದೂಕುಗಳು ನಿಷೇಧಿತ ಪಟ್ಟಿಗೆ ಸೇರಿದವು, ಕದ್ದ ಸರ್ಕಾರಿ ಗುಂಡು ಖಾಸಗಿ ಬಂದೂಕಿಗೆ ಹೊಂದಬಾರದು ನೋಡಿ. ಅದಕ್ಕೇ ನಮ್ಮಲ್ಲಿ ಸಾಮಾನ್ಯರ ರೈಫಲ್ ಅಂದರೆ .315, ರಿವಾಲ್ವರ್ ಅಂದರೆ .32. ದೆಹಲಿಯ ಅತ್ಯಾಚಾರ ಪ್ರಕರಣದ ನಂತರ, 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದು ಹೊರತಂದ 'ನಿರ್ಭೀಕ್' ಕೂಡ .32 ರಿವಾಲ್ವರೇ. ಅರ್ಧ ಕೆಜಿ ತೂಕ, ಬೆಲೆ ಲಕ್ಷದ ಮೇಲೆ. ಅದರ ಬೆಲೆ ನೋಡಿ ಅಮ್ಮ, "ಅಷ್ಟು ದುಡ್ಡು ಮನೇಲಿದ್ರೆ ಕಳ್ಳ ಬರೋದು ಅದಕ್ಕೇ ಅಲ್ವಾ?" ಅಂದಳು.

ಇನ್ನು ಚಿಕ್ಕಪ್ಪ ಹೇಳಿದ ತೋಟಾ ಕೋವಿ. ಕಾಯ್ದೆಯ ಪ್ರಕಾರ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಕೋವಿಯನ್ನು ರಕ್ಷಣೆಗೂ, ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು ಬೆಳೆ ರಕ್ಷಣೆಗೂ ಕೇಳಬಹುದು. ಮನೆಯ ಮಟ್ಟಿಗೆ ಅದೇ ಸರಿಯಾದ ಆಯ್ಕೆ ಅನ್ನುವುದರಲ್ಲಿ ತಪ್ಪಿಲ್ಲ. ಚರೆ ಹರಡುವುದರಿಂದ ಗುರಿ ಸ್ವಲ್ಪ ಸುಲಭ, ಗುಂಡು ರೈಫಲಿನಷ್ಟು ದೂರ ಹೋಗಿ ಯಾರಿಗೋ ತಗಲುವುದಿಲ್ಲ. ಶೀಟಿನಲ್ಲಿ ಅದಕ್ಕೇ ಹೆಚ್ಚು ಮಾರ್ಕ್ಸ್ ಬಂತು.

ಆದರೆ ಶೀಟಿನಲ್ಲಿ ಒಂದು ಕಾಲಮ್ಮು ಮರೆತಿದ್ದೆ: ಕೋವಿ ಹಿಡಿಯುವವರು ಯಾರು? ಲೈಸೆನ್ಸ್ ನನ್ನ ಹೆಸರಲ್ಲಿ, ನಾನಿರುವುದು ಬೆಂಗಳೂರಿನಲ್ಲಿ, ಕೋವಿ ಇರುವುದು ಊರಲ್ಲಿ, ಒಬ್ಬಳೇ ಇರುವುದು ಅಮ್ಮ. ನನ್ನ ಲೈಸೆನ್ಸಿನ ಕೋವಿಯನ್ನು ಅಮ್ಮ ಎತ್ತಿದರೆ ಅವಳೇ ಆರೋಪಿ. ಬೀಗ ಹಾಕಿಟ್ಟರೆ ಕಳ್ಳನಿಗೆ ಮಾತ್ರ ಪ್ರಯೋಜನ. ಮೇಲಾಗಿ ನಮ್ಮ ಕಡೆ ಪ್ರತಿ ಚುನಾವಣೆಗೂ ಕೋವಿಯನ್ನು ಸ್ಟೇಷನ್ನಿನಲ್ಲಿ ಠೇವಣಿ ಇಡಬೇಕು. ತೋಟಕ್ಕೆ ಹಂದಿ ನುಗ್ಗುವ ಕಾಲಕ್ಕೇ ಕೋವಿ ಸ್ಟೇಷನ್ನಿನಲ್ಲಿರುತ್ತೆ ಅಂತ ಅಪ್ಪ ಪ್ರತಿ ಸಲ ಬೈಯುತ್ತಿದ್ದರು.

"ನಿನ್ ಹೆಸರಲ್ಲೇ ಅರ್ಜಿ ಹಾಕೋಣ್ವಾ?" ಅಂತ ಅಮ್ಮನನ್ನು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಆ ಕೋವಿ ಗೋಡೆ ಮೇಲಿದ್ದಷ್ಟು ದಿನವೂ ನಂಗೆ ಹೆದರಿಕೆಯೇ. ನೀನು ಸಣ್ಣವನಿದ್ದಾಗ ಸ್ಟೂಲ್ ಇಟ್ಕೊಂಡು ಅದಕ್ಕೆ ಕೈ ಹಾಕಿದ್ದೆ. ನಿಮ್ಮಪ್ಪನಿಗೆ ಇವತ್ತಿನವರೆಗೂ ಹೇಳ್ಲಿಲ್ಲ."

ನನಗೆ ಆ ಸ್ಟೂಲಿನ ನೆನಪೇ ಇಲ್ಲ. ಅವಳು ಮೂವತ್ತು ವರ್ಷ ಮರೆತಿರಲಿಲ್ಲ. ಗೋಡೆಯ ಮೇಲಿದ್ದದ್ದು ನಮ್ಮನ್ನು ಕಾಯುತ್ತಿದೆ ಅಂತ ಗಂಡಸರು ಅಂದುಕೊಂಡಿದ್ದೆವು. ಅದರಿಂದ ನಮ್ಮನ್ನು ಕಾದದ್ದು ಅಮ್ಮ.

ಕೋವಿ ವಾಪಸು ಬೇಡ ಅಂತ ಬರೆದುಕೊಟ್ಟೆ. ಸಹಿ ಹಾಕುವಾಗ ಹಲಗಲಿ ನೆನಪಾಯ್ತು. ಅವರಿಂದ ಕಿತ್ತುಕೊಂಡರು, ನಾನು ನಾನಾಗೇ ಕೊಡುತ್ತಿದ್ದೇನೆ. ಬೇಡ ಅನ್ನುವ ಸ್ವಾತಂತ್ರ್ಯವಾದರೂ ನನಗಿತ್ತು, ಅವರಿಗೆ ಅದೂ ಇರಲಿಲ್ಲ. ಆ ದುಡ್ಡಿನಲ್ಲಿ ಅಂಗಳಕ್ಕೆ ಎರಡು ಸೋಲಾರ್ ದೀಪ ಹಾಕಿಸಿದೆ, ಹಿಂದಿನ ಬಾಗಿಲಿಗೆ ಹೊಸ ಅಗುಳಿ ಮಾಡಿಸಿದೆ, ಹಳ್ಳದಾಚೆ ಮನೆಯವರ ನಂಬರನ್ನು ಅಮ್ಮನ ಫೋನಿನಲ್ಲಿ ಒಂದೇ ಬಟನ್ನಿಗೆ ಸಿಗುವ ಹಾಗೆ ಮಾಡಿದೆ. ನಾಯಿಮರಿಯೊಂದು ಬಂದಿದೆ. ಚಿಕ್ಕಪ್ಪನಿಗೆ ಇನ್ನೂ ಬೇಜಾರಿದೆ.

ನಿಮ್ಮಲ್ಲೂ ಯಾರಾದರೂ ಊರಿನ ಮನೆಗೆ ಯಾವ ಕೋವಿ ಒಳ್ಳೇದು ಅಂತ ಹುಡುಕುತ್ತಿದ್ದರೆ, ಹುಡುಕುವ ಮೊದಲು ಆ ಮನೆಯಲ್ಲಿ ರಾತ್ರಿ ಮಲಗುವವರನ್ನು ಒಂದು ಮಾತು ಕೇಳಿ.