ಕೈತೋಟದ ತರಕಾರಿಗಳಲ್ಲಿ ಬಲೆ ಬೆಳೆ

ಕೈತೋಟದ ತರಕಾರಿಯು ಕೊಯ್ದ ದಿನವೇ ಅಡುಗೆಗೆ ಬಳಕೆಯಾಗುವುದರಿಂದ ರಾಸಾಯನಿಕ ಕೀಟನಾಶಕಗಳ ಸಿಂಪಡಣೆ ಸೂಕ್ತವಲ್ಲ. ಬದಲಿಗೆ, ಕೀಟಗಳನ್ನು ತನ್ನತ್ತ ಸೆಳೆಯುವ ಬೆಳೆಯನ್ನು ಮುಖ್ಯ ಬೆಳೆಯೊಡನೆ ಬೆಳೆಯಬಹುದಾಗಿದೆ.

ಟೊಮ್ಯಾಟೊ: ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ, 16 ಸಾಲು ಟೊಮ್ಯಾಟೊಗೆ 1 ಸಾಲು ಚೆಂಡುಹೂ ನಾಟಿ ಮಾಡತಕ್ಕದ್ದು. ಟೊಮ್ಯಾಟೊ ಸಸಿ 25 ದಿನದ್ದೂ ಚೆಂಡುಹೂ ಸಸಿ 45 ದಿನದ್ದೂ ಆಗಿದ್ದಲ್ಲಿ ಎರಡೂ ಏಕಕಾಲಕ್ಕೆ ಹೂ ಬಿಡುತ್ತವೆ. ಕಾಯಿಕೊರಕದ ಪತಂಗವು ಚೆಂಡುಹೂವಿನತ್ತ ಆಕರ್ಷಿತವಾಗಿ ಅಲ್ಲಿಯೇ ಮೊಟ್ಟೆಯಿಡುತ್ತದೆ.

ಎಲೆಕೋಸು: ನಾಟಿಗೆ 15 ದಿನ ಮುಂಚಿತವಾಗಿ ಪಾತಿಯ ಅಂಚಿನಲ್ಲಿ ಒಂದು ಸಾಲು ಸಾಸಿವೆ, ನಾಟಿಯಾದ 25 ದಿನಗಳಿಗೆ ಮತ್ತೊಂದು ಸಾಲು ಬಿತ್ತತಕ್ಕದ್ದು.

ಸೂಚನೆ: ಬಲೆ ಬೆಳೆಯಲ್ಲಿನ ಹುಳುಗಳನ್ನು ಆಗಾಗ್ಗೆ ಆರಿಸಿ ನಾಶಪಡಿಸದಿದ್ದಲ್ಲಿ ಅವು ಮುಖ್ಯ ಬೆಳೆಗೇ ಹರಡುತ್ತವೆ.

ಹೆಚ್ಚಿನ ಮಾಹಿತಿಗಾಗಿ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸುವುದು.