ಶಿವಾಪುರದ ಅಗೋಚರ ಲೋಕ

ಚಂದ್ರಶೇಖರ ಕಂಬಾರರ ಕಾವ್ಯ, ನಾಟಕ, ಕಾದಂಬರಿಗಳಲ್ಲಿ ಬರುವ ಶಿವಾಪುರವೆಂಬ ಕಲ್ಪಿತ ಊರಿನ ಬೆನ್ನಿಗಿರುವ ದೇವತೆ, ರಾಕ್ಷಸ, ಯಕ್ಷಿ, ನಾಗರ ಲೋಕ. ಊರ ಮಂದಿಯ ಕಣ್ಣಿಗೆ ಇದು ಬೀಳುವುದು ಅಪರೂಪ. ಆದರೆ ಮಳೆ, ಬಸಿರು, ರೋಗ, ಗೌಡಿಕೆ ಯಾವುದೂ ಇದರ ಹಿಡಿತ ತಪ್ಪಿಸಿಕೊಂಡಿಲ್ಲ. 1964ರ ಕಥನಕಾವ್ಯ ‘ಹೇಳತೇನ ಕೇಳ’ದಿಂದ ಹಿಡಿದು ಐದು ದಶಕಕ್ಕೂ ಹೆಚ್ಚು ಕಾಲ ಈ ಲೋಕ ಬೆಳೆಯುತ್ತ ಬಂದಿದೆ.

ಶಿವಾಪುರ ಯಾವುದು ಎಂಬಲ್ಲಿಂದಲೇ ಗೊಂದಲ ಶುರುವಾಗುತ್ತದೆ. ಗೋಕಾಕ ತಾಲೂಕಿನಿಂದ ಬೇರ್ಪಟ್ಟ ಮೂಡಲಗಿ ತಾಲೂಕಿನಲ್ಲಿ ಶಿವಾಪುರವೆಂಬ ಹಳ್ಳಿ ನಿಜವಾಗಿಯೂ ಇದೆ. ಮಂಡ್ಯ ಜಿಲ್ಲೆ ಮದ್ದೂರಿನ ಶಿವಪುರ 1938ರ ಧ್ವಜ ಸತ್ಯಾಗ್ರಹಕ್ಕೆ ಹೆಸರಾದ ಊರು. ಕಂಬಾರರ ಶಿವಾಪುರ ಈ ಎರಡೂ ಅಲ್ಲ. ಅವರು 1937ರ ಜನವರಿ 2ರಂದು ಹುಟ್ಟಿದ್ದು ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ, ಕಮ್ಮಾರಿಕೆಯ ಮನೆಯಲ್ಲಿ. ಹೈಸ್ಕೂಲು ಓದಿದ್ದು ಗೋಕಾಕದಲ್ಲಿ. ಬಡತನದಿಂದ ನಿಂತುಹೋದ ಓದು ಸಾವಳಗಿ ಮಠದ ಆಸರೆಯಿಂದ ಮುಂದುವರಿಯಿತು. ಶಿವಾಪುರದ ಮಾತು, ಬೈಗುಳ, ಹಬ್ಬ, ಜಗಳ ಎಲ್ಲವೂ ಈ ಸೀಮೆಯವೇ. ಹಾಗೆಂದು ಘೋಡಗೇರಿಯನ್ನು ಶಿವಾಪುರದ ಮೇಲೆ ಓಣಿ ಓಣಿಯಾಗಿ ಹೊಂದಿಸಿ ನೋಡುವವರಿಗೆ ಏನೂ ದಕ್ಕುವುದಿಲ್ಲ. ಒಂದು ಕೃತಿಯ ಶಿವಾಪುರಕ್ಕೂ ಇನ್ನೊಂದರದಕ್ಕೂ ಎಷ್ಟೋ ಸಲ ತಾಳೆಯಿಲ್ಲ.

ಈ ಲೋಕಕ್ಕೆ ಬೇಕಾದ ಸಾಮಗ್ರಿ ಅಲ್ಲಿನ ಆಚರಣೆಗಳಲ್ಲೇ ಇತ್ತು. ಭಾದ್ರಪದದಲ್ಲಿ ಅಂಬಿಗರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಬೇವಿನ ಸೊಪ್ಪು ಹಾಸಿ, ಹಸಿ ಮಣ್ಣಿನ ಜೋಕುಮಾರನನ್ನು ಕೂಡಿಸಿ, ತುಟಿಗೆ ಬೆಣ್ಣೆ ಬಳಿದು ಮನೆಮನೆಗೆ ಹೊತ್ತು ತರುತ್ತಾರೆ. ಮನೆಯವರು ಮೊರದಲ್ಲಿ ಜೋಳ ತಂದು ಹಾಕುತ್ತಾರೆ. ಹುಣ್ಣಿಮೆಯ ಹೊತ್ತಿಗೆ ಅವನ ಆಯುಷ್ಯ ಮುಗಿಯುತ್ತದೆ. ಆಟದ ಪರಂಪರೆಯೂ ಹತ್ತಿರದ್ದೇ: ಶ್ರೀಕೃಷ್ಣ ಪಾರಿಜಾತದ ಕುಲಗೋಡ ಈಗ ಮೂಡಲಗಿ ತಾಲೂಕಿಗೆ ಸೇರಿದೆ. ಉತ್ತರ ಕರ್ನಾಟಕದ ಜನಪದ ರಂಗಭೂಮಿಯೇ ಕಂಬಾರರ ಸಂಶೋಧನೆಯ ವಿಷಯವಾಗಿತ್ತು.

‘ಹೇಳತೇನ ಕೇಳ’ದಲ್ಲಿ ಕಾಣದ ಲೋಕ ಊರೊಳಗೆ ಬರುವುದು ಮೋಸದಿಂದ. ಗೌಡನನ್ನು ಕೊಂದ ರಾಕ್ಷಸ ಗೌಡನ ರೂಪದಲ್ಲೇ ಶಿವಾಪುರಕ್ಕೆ ಬಂದು, ಅವನ ಮನೆ, ಅವನ ಹೆಂಡತಿ, ಅವನ ಅಧಿಕಾರ ಮೂರನ್ನೂ ಹಿಡಿಯುತ್ತಾನೆ. ರಾಕ್ಷಸನೆಂದರೆ ಪರದೇಶದ ಆಳ್ವಿಕೆ ಎಂದು ಓದಿದವರಿದ್ದಾರೆ. ಬರಿಯ ಜನಪದ ಕಥೆ ಎಂದು ಬಿಟ್ಟವರೂ ಇದ್ದಾರೆ. ‘ರಿಷ್ಯಶೃಂಗ’, ‘ಹುಲಿಯ ನೆರಳು’ ನಾಟಕಗಳಲ್ಲಿ ಕಂಬಾರರು ಇದೇ ಕಥೆಗೆ ಮರಳಿದ್ದನ್ನು ನೋಡಿದರೆ ಎರಡನೆಯ ಓದು ಸಾಲದು. ಜನಪದ ಕಥೆಯಾಗಿದ್ದರೆ ಒಂದು ಸಲ ಹೇಳಿ ಮುಗಿಸಬಹುದಿತ್ತು.

ಮುಂದಿನ ಘಟ್ಟ ಬಹಳ ಚರ್ಚೆಯಾದದ್ದು. 1972ರ ‘ಜೋಕುಮಾರಸ್ವಾಮಿ’ಯಲ್ಲಿ ಮಣ್ಣಿನ ದೇವರ ಜಾಗಕ್ಕೆ ಪಡವಲಕಾಯಿ ಬಂತು. 1975ರ ‘ಕರಿಮಾಯಿ’ ಕಾದಂಬರಿಯಲ್ಲಿ ಊರದೇವತೆಯ ಪುರಾಣಕ್ಕೂ ಓದಿ ಬಂದ ಗುಡಸೀಕರನ ಪಂಚಾಯತಿ ರಾಜಕೀಯಕ್ಕೂ ಮುಖಾಮುಖಿ. ‘ಸಿರಿಸಂಪಿಗೆ’ಯ ರಾಜಕುಮಾರ ತನ್ನನ್ನು ಎರಡು ಹೋಳು ಮಾಡಿಸಿಕೊಳ್ಳುತ್ತಾನೆ, ಒಂದರಿಂದ ಮನುಷ್ಯ, ಇನ್ನೊಂದರಿಂದ ನಾಗ ಹೊರಬರುತ್ತಾರೆ. ಇದಕ್ಕೆ 1991ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ನಿಜವಾದ ತಿರುವು ‘ಮಹಾಮಾಯಿ’ ನಾಟಕ. ಇಲ್ಲಿನ ಶೆಟಿವಿ ತಾಯಿ ಸಾವಿನ ಒಡತಿ; ವೈದ್ಯ ಸಂಜೀವಶಿವ ಅವಳ ಸಾಕುಮಗ. ತಾಯಿ ರೋಗಿಯ ಯಾವ ಮಗ್ಗುಲಿಗೆ ನಿಂತಿದ್ದಾಳೆಂದು ನೋಡಿಯೇ ಅವನು ರೋಗಿ ಉಳಿಯುತ್ತಾನೋ ಇಲ್ಲವೋ ಎಂದು ಹೇಳಬಲ್ಲ. ಬೇರೆಯವರಿಗೆ ಅವಳು ಕಾಣುವುದಿಲ್ಲ. ಅದುವರೆಗೆ ಕಾಣದ ಲೋಕವೇ ಊರಿಗೆ ನುಗ್ಗುತ್ತಿತ್ತು. ಇಲ್ಲಿ ಮನುಷ್ಯನೊಬ್ಬ ಆ ಲೋಕದ ಕಟ್ಟಳೆಗೆ ಎದುರು ನಿಲ್ಲುತ್ತಾನೆ.

ಆಕರಗಳ ತೊಡಕು ಹೆಚ್ಚಾಗಿರುವುದೂ ಇಲ್ಲಿಯೇ. ಶೆಟಿವಿ ಕಂಬಾರರು ಹುಟ್ಟಿಸಿದ ದೇವತೆಯಲ್ಲ. ಬೆಳಗಾವಿ ಸೀಮೆಯಲ್ಲೂ ಗಡಿಯಾಚೆಯ ಮರಾಠಿ ಮನೆಗಳಲ್ಲೂ ಕೂಸು ಹುಟ್ಟಿದ ಐದನೆಯ ಇಲ್ಲವೆ ಆರನೆಯ ರಾತ್ರಿ ದೀಪದ ಮಗ್ಗುಲಿಗೆ ಖಾಲಿ ಹಾಳೆ, ಲೇಖನಿ ಇಡುವ ರೂಢಿಯಿದೆ. ಆ ರಾತ್ರಿ ಅವಳು ಬಂದು ಹಣೆಬರಹ ಬರೆಯುತ್ತಾಳೆಂಬುದು ನಂಬಿಕೆ. ಅಲ್ಲಿ ಅವಳ ಕೆಲಸ ಹುಟ್ಟಿಗೆ ಸೇರಿದ್ದು. ನಾಟಕದಲ್ಲಿ ಅವಳ ಕೈಗೆ ಸಾವು ಬಂದಿದೆ. ವೈದ್ಯ ಮಗನ ಕಥೆಯಂತೂ ಬಹುದೂರದವರೆಗೆ ಹರಡಿದ್ದು: ಗ್ರಿಮ್ ಸಹೋದರರ 1812ರ ಸಂಗ್ರಹದಲ್ಲಿಯೂ ಮೃತ್ಯುವನ್ನೇ ಧರ್ಮಪಿತನಾಗಿ ಪಡೆದ ವೈದ್ಯನೊಬ್ಬನಿದ್ದಾನೆ, ಮೃತ್ಯು ತಲೆಯ ಕಡೆಗೆ ನಿಂತರೆ ರೋಗಿ ಬದುಕುತ್ತಾನೆ, ಕಾಲ ಕಡೆಗೆ ನಿಂತರೆ ಸಾಯುತ್ತಾನೆ. ಬಾಣಂತಿ ಕೋಣೆಯ ದೇವತೆಯನ್ನೂ ಈ ಕಥೆಯನ್ನೂ ಒಂದುಗೂಡಿಸಿದ್ದು ನಾಟಕಕಾರರ ಕೆಲಸ. ಬೆಸುಗೆ ಎಲ್ಲಿದೆಯೆಂದು ಗೊತ್ತಾಗದಷ್ಟು ನುಣುಪಾಗಿ ಆಗಿದೆ.

1985ರ ‘ಕನ್ನಡ ಜಾನಪದ ವಿಶ್ವಕೋಶ’ದ ಸಂಪಾದಕರೂ ಕಂಬಾರರೇ ಆದದ್ದರಿಂದ ಈ ತೊಡಕಿಗೆ ಇನ್ನೊಂದು ಗಂಟು ಬಿದ್ದಿದೆ. ದಾಖಲಿಸುವವನೂ ಕಲ್ಪಿಸುವವನೂ ಒಬ್ಬನೇ ಆದಾಗ ನಾಟಕದ ಮಾತನ್ನು ಊರಿನ ನಂಬಿಕೆಯೆಂದು ಎತ್ತಿಕೊಳ್ಳುವುದು ಸುಲಭ.

1996ರ ‘ಚಕೋರಿ’ ಮಹಾಕಾವ್ಯದಲ್ಲಿ ಯಕ್ಷಿಯೊಬ್ಬಳು ಚಂದಮುತ್ತನ ಸಂಗೀತಕ್ಕೆ ಸೋತು ಭೂಮಿಗಿಳಿಯುತ್ತಾಳೆ. ‘ಶಿಖರಸೂರ್ಯ’ ಕಾದಂಬರಿ ಅದೇ ಕಾವ್ಯದ ಚಿನ್ನಮುತ್ತನನ್ನು ರಾಜ್ಯ, ವ್ಯಾಪಾರ, ಅಧಿಕಾರದಾಸೆಯ ನಡುವೆ ತಂದು ನಿಲ್ಲಿಸುತ್ತದೆ. ಹರವು ಹಿಗ್ಗಿದೆ, ಊರಿನ ಸೆರಗು ಹಿಡಿದಿದ್ದಾಗಿನ ಬಿಗಿ ಈ ಲೋಕಕ್ಕೆ ಇಲ್ಲಿ ಉಳಿದಿಲ್ಲ. ಕಂಬಾರರಿಗೆ ಬಂದ ಜ್ಞಾನಪೀಠ 2010ನೆಯ ಸಾಲಿನದು, ಘೋಷಣೆಯಾದದ್ದು 2011ರಲ್ಲಿ. ಎರಡು ಇಸವಿಗಳೂ ಬಳಕೆಯಲ್ಲಿರುವುದು ಇದೇ ಕಾರಣಕ್ಕೆ.

ಈ ಲೋಕವನ್ನು ಆಧರಿಸಿ ಬರೆಯುವವರು ಜೋಕುಮಾರನ ಬುಟ್ಟಿ, ಶೆಟಿವಿಯ ಹಾಳೆಗಳನ್ನು ಹುಕ್ಕೇರಿ, ಗೋಕಾಕ ಸೀಮೆಯ ಆಚರಣೆಯೆಂದು ಉಲ್ಲೇಖಿಸಬಹುದು. ಪಡವಲಕಾಯಿ ದೇವರನ್ನೂ ಸಂಜೀವಶಿವನ ತಾಯಿಯನ್ನೂ ಉಲ್ಲೇಖಿಸುವಾಗ ಕಂಬಾರರ ಹೆಸರು ಹೇಳಲೇಬೇಕು.